ಅಪ್ಪನ ಹೆಸರಿನ ಅರ್ಜಿ ಮೊದಲು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಬ್ರಿಟನ್‌ನಲ್ಲಿರುವ ಓದುಗರದ್ದು. ನಾಲ್ಕರದ್ದೂ ಒಂದೇ ಕಷ್ಟ. ಕೊನೆಯ ದಿನಗಳಲ್ಲಿರುವ ಅಪ್ಪನನ್ನೋ ಅಮ್ಮನನ್ನೋ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಂಡವರು, ಅದಕ್ಕಾಗಿ ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಹಣದ, ಅಂದರೆ ಕೇರರ್ಸ್ ಅಲೋವೆನ್ಸ್‌ನ, ವಿಷಯದಲ್ಲಿ ಪೆಟ್ಟು ತಿಂದವರು ಇಲ್ಲವೇ ದಿಕ್ಕು ತೋಚದೆ ಕೂತವರು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತಿನ ಅಂಕಣ ಪೂರ್ತಿ ಇವರಿಗೇ. ಇಲ್ಲಿ ಬರೆದಿರುವ ಮೊತ್ತಗಳು 2025ರ ಏಪ್ರಿಲ್‌ನಿಂದ ಶುರುವಾದ ವರ್ಷದವು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ತಂದೆಗೆ 74 ವರ್ಷ. ನಲವತ್ತು ವರ್ಷದಿಂದ ಇಲ್ಲೇ ಇದ್ದಾರೆ, ಇಲ್ಲಿನ ಪೌರರು. ಮೇದೋಜ್ಜೀರಕದ ಕ್ಯಾನ್ಸರ್. ಕೀಮೋ ನಿಲ್ಲಿಸಿದ್ದಾರೆ. ಅಮ್ಮ ಇಲ್ಲ, ಅಪ್ಪ ನನ್ನ ಜೊತೆಗೇ ಇದ್ದಾರೆ. 5 ದಿನ ಮಾಡುತ್ತಿದ್ದ ಕೆಲಸವನ್ನು 2 ದಿನಕ್ಕೆ ಇಳಿಸಿಕೊಂಡೆ. ವಾರಕ್ಕೆ 214 ಪೌಂಡ್ ಬರುತ್ತದೆ, ಅದರಲ್ಲಿ 8 ಪೌಂಡ್ ಪೆನ್ಶನ್‌ಗೆ ಹೋಗುತ್ತದೆ. ನಾನು ಕೆಲಸಕ್ಕೆ ಹೋದ ದಿನ ಪಕ್ಕದ ಮನೆಯವರು ಬಂದು ಅಪ್ಪನ ಹತ್ತಿರ ಇರುತ್ತಾರೆ, ಅವರಿಗೆ ವಾರಕ್ಕೆ 40 ಪೌಂಡ್ ಕೊಡುತ್ತೇನೆ. ಕೇರರ್ಸ್ ಅಲೋವೆನ್ಸ್‌ಗೆ ಅರ್ಜಿ ಹಾಕಿದ್ದೆ. ನಿಮಗೆ ಅರ್ಹತೆ ಇಲ್ಲ ಅಂತ ಪತ್ರ ಬಂತು. ನೀವು ನೋಡಿಕೊಳ್ಳುತ್ತಿರುವ ವ್ಯಕ್ತಿಗೆ ಇದಕ್ಕೆ ಬೇಕಾದ ಬೆನಿಫಿಟ್ ಸಿಗುತ್ತಿಲ್ಲ ಎಂದು ಬರೆದಿದ್ದಾರೆ. ನಾನು ರಾತ್ರಿ ಮೂರು ಸಲ ಏಳುತ್ತೇನೆ ಅಕ್ಕಾ. ಆ ಪತ್ರ ಓದಿ ನೆಲದ ಮೇಲೇ ಕೂತುಬಿಟ್ಟೆ. ಅಣ್ಣನಿಗೆ ಹೇಳಿದರೆ, ಹೆತ್ತ ಅಪ್ಪನನ್ನು ನೋಡಿಕೊಳ್ಳೋಕೆ ದುಡ್ಡು ಕೇಳ್ತೀಯಾ ಅಂದ. ಇನ್ನೊಂದು ವಿಷಯ. ಕ್ಯಾನ್ಸರ್ ಅಂತ ಅಪ್ಪನಿಗೆ ಗೊತ್ತು. ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ನನಗೆ ಹೇಳಿದ್ದು ಗೊತ್ತಿಲ್ಲ. ಈಗ ಅಪೀಲು ಹಾಕಲಾ?
ಹೆಸರು ಬೇಡ, ಲೀಸ್ಟರ್

ಉತ್ತರ: ಅಪೀಲು ಬೇಡ. ಅಪ್ಪನ ಹೆಸರಿನಲ್ಲಿ ಇವತ್ತೇ ಅಟೆಂಡೆನ್ಸ್ ಅಲೋವೆನ್ಸ್ ಕೇಳಿ. ಇಷ್ಟು ಓದಿ ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಅಟೆಂಡೆನ್ಸ್ ಅಲೋವೆನ್ಸ್‌ನ ಸಹಾಯವಾಣಿಗೆ ಫೋನ್ ಮಾಡಿ, ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಕೇರರ್ಸ್ ಅಲೋವೆನ್ಸ್ ನಿಮ್ಮ ಕೈಗೆ ಬರುವ ಹಣ, ಆದರೆ ಅದು ನಿಂತಿರುವುದು ಅಪ್ಪನ ಬೆನಿಫಿಟ್, ಅಂದರೆ ಅವರಿಗೆ ಸಿಗುವ ಸರ್ಕಾರಿ ಸಹಾಯಧನದ ಮೇಲೆ. ಅಪ್ಪನಿಗೆ ಮೊದಲು ಅವರ ಹೆಸರಿನಲ್ಲಿ ಒಂದು ಅಂಗವೈಕಲ್ಯದ ಬೆನಿಫಿಟ್ ಮಂಜೂರಾಗಿರಬೇಕು. ಸ್ಟೇಟ್ ಪೆನ್ಶನ್ ವಯಸ್ಸು ದಾಟಿದವರಿಗೆ ಅದು ಸಾಮಾನ್ಯವಾಗಿ ಅಟೆಂಡೆನ್ಸ್ ಅಲೋವೆನ್ಸ್. ಆ ವಯಸ್ಸಿಗಿಂತ ಚಿಕ್ಕವರಾದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ನ ಡೈಲಿ ಲಿವಿಂಗ್ ಭಾಗ. ಇದು ಇಲ್ಲದೆ ನೀವು ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಅಪ್ಪನ ಪಕ್ಕದಲ್ಲೇ ಇದ್ದರೂ ಉತ್ತರ ಇಲ್ಲ ಅಂತಲೇ ಬರುತ್ತದೆ. ನಿಮ್ಮ ಆರೈಕೆಯನ್ನು ಯಾರೂ ಅಳೆದು ನೋಡಿ ಸಾಲದು ಅಂದಿಲ್ಲ. ಅಲ್ಲಿಯವರೆಗೆ ಅರ್ಜಿ ಹೋಗಲೇ ಇಲ್ಲ. ಪತ್ರದಲ್ಲಿ ಇದನ್ನು ಎರಡು ಸಾಲು ಬಿಡಿಸಿ ಬರೆದಿದ್ದರೆ ನೀವು ನೆಲದ ಮೇಲೆ ಕೂರಬೇಕಾಗಿರಲಿಲ್ಲ. ಇಂಥ ಪತ್ರ ಹಿಡಿದು ಬಂದ ಎಷ್ಟೋ ಜನರನ್ನು ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಅಪೀಲು ಬೇಡ ಅಂದಿದ್ದು ಅದಕ್ಕೇ. ಅವರು ತೀರ್ಮಾನ ಮಾಡಿದ ದಿನ ಅಪ್ಪನ ಹೆಸರಿನಲ್ಲಿ ಏನೂ ಇರಲಿಲ್ಲ, ಆದ್ದರಿಂದ ಕಾನೂನಿನ ಪ್ರಕಾರ ಆ ತೀರ್ಮಾನ ಸರಿ. ಅದರ ಮೇಲೆ ಜಗಳ ಮಾಡಿದರೆ ಹೋಗುವುದು ನಿಮ್ಮ ವಾರಗಳು. ಕಾರಣವೇ ತಪ್ಪಾಗಿದ್ದರೆ ಮಾತು ಬೇರೆ. ಉದಾಹರಣೆಗೆ ಅಪ್ಪನಿಗೆ ಆಗಲೇ ಬೆನಿಫಿಟ್ ಬರುತ್ತಿದ್ದೂ ಇಲ್ಲ ಅಂದಿದ್ದರೆ, ಅಥವಾ ನಿಮ್ಮ ಸಂಬಳ ತಪ್ಪು ಲೆಕ್ಕ ಹಾಕಿದ್ದರೆ, ಪತ್ರದ ಮೇಲಿನ ದಿನಾಂಕದಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಶನ್ ಕೇಳಬೇಕು, ಅಂದರೆ ತೀರ್ಮಾನವನ್ನು ಅವರೇ ಇನ್ನೊಮ್ಮೆ ನೋಡಬೇಕು ಅಂತ. ಅದರಲ್ಲೂ ಒಪ್ಪದಿದ್ದರೆ ಟ್ರಿಬ್ಯೂನಲ್‌ಗೆ ಹೋಗಲು ಇನ್ನೊಂದು ತಿಂಗಳು ಸಿಗುತ್ತದೆ.

ಈಗ ಅಪ್ಪನ ಅರ್ಜಿ. ಸಾಮಾನ್ಯವಾಗಿ ಅಟೆಂಡೆನ್ಸ್ ಅಲೋವೆನ್ಸ್ ಕೇಳುವವರು ಆರು ತಿಂಗಳಿಂದ ಕಷ್ಟದಲ್ಲಿದ್ದೇವೆ ಅಂತ ತೋರಿಸಬೇಕು, ಸ್ನಾನಕ್ಕೆ ಎಷ್ಟು ಸಹಾಯ ಬೇಕು, ಬಟ್ಟೆ ಹಾಕಿಕೊಳ್ಳಲು ಎಷ್ಟು ಬೇಕು ಅಂತ ಉದ್ದದ ಫಾರ್ಮ್ ತುಂಬಬೇಕು. ನಿಮ್ಮ ಅಪ್ಪನ ಫಾರ್ಮ್‌ನಲ್ಲಿ ಅಷ್ಟೆಲ್ಲ ಬರೆದು ತೋರಿಸಬೇಕಿಲ್ಲ. ಕೊನೆಯ ಹಂತದ ಕಾಯಿಲೆಯವರಿಗೆ ಸ್ಪೆಷಲ್ ರೂಲ್ಸ್ ಇವೆ. ಫೋನ್‌ನಲ್ಲಿ ಇದೇ ಎರಡು ಪದ ಹೇಳಿ. ಆರು ತಿಂಗಳು ಕಾಯುವುದಿಲ್ಲ, ಯಾರೂ ಮನೆಗೆ ಬಂದು ಪರೀಕ್ಷೆ ಮಾಡುವುದಿಲ್ಲ, ನೇರವಾಗಿ ಹೆಚ್ಚಿನ ದರವೇ ಸಿಗುತ್ತದೆ, ವಾರಕ್ಕೆ 110 ಪೌಂಡ್ 40 ಪೆನ್ಸ್. ಅಪ್ಪನ ಉಳಿತಾಯ ಎಷ್ಟಿದೆ, ಮನೆ ಯಾರದು ಅಂತ ಕೇಳುವುದಿಲ್ಲ. ತೆರಿಗೆಯೂ ಇಲ್ಲ. ನೀವು ಫೋನ್ ಮಾಡಿ ಫಾರ್ಮ್ ಕೇಳಿದ ದಿನವನ್ನೇ ಅರ್ಜಿಯ ದಿನ ಅಂತ ಹಿಡಿಯುತ್ತಾರೆ, ಆದರೆ ಆರು ವಾರದೊಳಗೆ ತುಂಬಿ ವಾಪಸ್ ಕಳಿಸಬೇಕು. ಅಟೆಂಡೆನ್ಸ್ ಅಲೋವೆನ್ಸ್ ಹಿಂದಿನ ತಾರೀಖಿನಿಂದ ಸಿಗುವುದಿಲ್ಲ, ಆದ್ದರಿಂದಲೇ ಇವತ್ತೇ ಅಂತ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಲೇಬೇಕು: ವ್ಯಕ್ತಿ ಹೋದಮೇಲೆ ಅವರ ಹೆಸರಿನಲ್ಲಿ ಹೊಸದಾಗಿ ಇದನ್ನು ಕೇಳಲು ಆಗುವುದಿಲ್ಲ.

ಇದಕ್ಕೆ ಡಾಕ್ಟರು ಕೊಡಬೇಕಾದ ಕಾಗದದ ಹೆಸರು ಎಸ್‌ಆರ್ 1. ಜಿಪಿ, ಅಂದರೆ ನೀವು ಮಾಮೂಲಾಗಿ ತೋರಿಸುವ ಬಡಾವಣೆಯ ಡಾಕ್ಟರು ಕೊಡಬಹುದು, ಆಸ್ಪತ್ರೆಯ ಕನ್ಸಲ್ಟೆಂಟ್ ಕೊಡಬಹುದು, ಕ್ಯಾನ್ಸರ್ ನರ್ಸ್ ಕೂಡ ಕೊಡಬಹುದು. ಎಷ್ಟು ತಿಂಗಳೊಳಗೆ ತೀರಿಕೊಳ್ಳಬಹುದು ಅನ್ನುವುದಕ್ಕೆ ಮುಂಚೆ ಆರು ತಿಂಗಳು ಅಂತ ಇದ್ದ ಮಿತಿ ಅಟೆಂಡೆನ್ಸ್ ಅಲೋವೆನ್ಸ್ ಮಟ್ಟಿಗೆ 2023ರ ಏಪ್ರಿಲ್‌ನಿಂದ 12 ತಿಂಗಳು ಆಗಿದೆ. ಈ ವ್ಯಕ್ತಿ ಇಂಥ ದಿನ ಹೋಗುತ್ತಾರೆ ಅಂತ ಡಾಕ್ಟರು ಬರೆದುಕೊಡಬೇಕಾಗಿಲ್ಲ. ಮುಂದಿನ 12 ತಿಂಗಳಲ್ಲಿ ಇವರು ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ ಅಂತ ಡಾಕ್ಟರು ತಮ್ಮನ್ನೇ ಕೇಳಿಕೊಳ್ಳಬೇಕು, ಆಗುವುದಿಲ್ಲ ಅಂದರೆ ಸಾಕು. ಅಪ್ಪ ಅದಕ್ಕಿಂತ ಜಾಸ್ತಿ ದಿನ ಇದ್ದರೆ, ಇರಲಿ ಅಂತಲೇ ನಾವು ಬೇಡುವುದು, ಕೊಟ್ಟ ಹಣವನ್ನು ಯಾರೂ ವಾಪಸ್ ಕೇಳುವುದಿಲ್ಲ.

ಅಪ್ಪನಿಗೆ ಗೊತ್ತಾಗಬಾರದು ಅನ್ನುವ ನಿಮ್ಮ ಭಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಈ ಒಂದು ಕಾರಣಕ್ಕೇ ಅರ್ಜಿಗಳು ನಿಂತುಹೋಗುತ್ತವೆ. ಸ್ಪೆಷಲ್ ರೂಲ್ಸ್ ಅಡಿಯಲ್ಲಿ ಬೇರೆಯವರು ರೋಗಿಯ ಪರವಾಗಿ, ರೋಗಿಗೆ ತಿಳಿಸದೆಯೇ, ಅರ್ಜಿ ಹಾಕಬಹುದು. ಕಾನೂನಿನಲ್ಲೇ ಇದೆ. ಹೇಳಲಾಗದ ಮನೆಗಳೂ ಇರುತ್ತವೆ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಆದರೆ ಒಂದು ಮಾತು. ಹಣ ಬರುವುದು ಅಪ್ಪನ ಖಾತೆಗೆ, ಪತ್ರವೂ ಅವರ ಹೆಸರಿಗೇ ಬರಬಹುದು. ವಯಸ್ಸಾದವರಿಗೆ ಕೊಡುವ ಸಹಾಯಧನ ಅಂತ ನೀವು ಹೇಳಿದರೆ ಅದು ಸುಳ್ಳಲ್ಲ, ಅಟೆಂಡೆನ್ಸ್ ಅಲೋವೆನ್ಸ್ ಅಂದರೆ ಅದೇ. ಅಪ್ಪನಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ನಾನು ತೀರ್ಮಾನ ಮಾಡಲಾರೆ. ಕೆಲವು ಅಪ್ಪಂದಿರು ಎಲ್ಲ ಗೊತ್ತಿದ್ದೂ ಮಕ್ಕಳಿಗೆ ನೋವಾಗಬಾರದು ಅಂತ ಗೊತ್ತಿಲ್ಲದ ಹಾಗೆ ಇರುತ್ತಾರೆ.

ನನ್ನ ಅಮ್ಮನ ಕಾಲಕ್ಕೆ ನಾನು ತಡಮಾಡಿದೆ. ಆಗ ನಾನು ಬೆನಿಫಿಟ್ ಸಲಹೆ ಕೊಡುವ ಕೆಲಸದಲ್ಲೇ ಇದ್ದೆ, ಬೇರೆಯವರ ಫಾರ್ಮ್‌ಗಳನ್ನು ನಿದ್ದೆಯಲ್ಲೂ ತುಂಬುತ್ತಿದ್ದೆ. ಆದರೆ ಡಾಕ್ಟರ ಮುಂದೆ ಕೂತು ಆ ಕಾಗದ ಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಒಪ್ಪಿಕೊಂಡ ಹಾಗೆ ಅನಿಸುತ್ತಿತ್ತು. ಮೂರು ತಿಂಗಳು ಹಾಗೇ ಹೋಯಿತು. ಕೊನೆಗೆ ಕೇಳಿದವರು ನರ್ಸ್. ಯಾಕಮ್ಮ ಇಷ್ಟು ದಿನ ಸುಮ್ಮನಿದ್ದೆ, ಇದು ನಿಮ್ಮ ತಾಯಿಯ ಹಕ್ಕಲ್ವಾ ಅಂದರು. ಆ ಮೂರು ತಿಂಗಳ ಹಣ ಹೋಗಿದ್ದಕ್ಕಿಂತ, ಆ ಹಣದಲ್ಲಿ ರಾತ್ರಿ ಒಬ್ಬರನ್ನು ಇಟ್ಟುಕೊಂಡು ನಾನು ಸ್ವಲ್ಪ ನಿದ್ದೆ ಮಾಡಿದ್ದರೆ ಹಗಲು ಅಮ್ಮನ ಜೊತೆ ಸಮಾಧಾನವಾಗಿ ಮಾತಾಡುತ್ತಿದ್ದೆ ಅನ್ನುವುದು ಇವತ್ತಿಗೂ ಕೊರೆಯುತ್ತದೆ. ನಿಮಗೆ ಇಷ್ಟು ಒತ್ತಾಯ ಮಾಡುತ್ತಿರುವುದು ಅದಕ್ಕೇ.

ಅಪ್ಪನಿಗೆ ಮಂಜೂರಾದ ಪತ್ರ ಬಂದ ಮೇಲೆ ಮೂರು ತಿಂಗಳೊಳಗೆ ನೀವು ಕೇರರ್ಸ್ ಅಲೋವೆನ್ಸ್‌ಗೆ ಮತ್ತೆ ಅರ್ಜಿ ಹಾಕಿ. ಹಾಗೆ ಮಾಡಿದರೆ ಅಪ್ಪನ ಹಣ ಯಾವತ್ತಿನಿಂದ ಶುರುವಾಯಿತೋ ಅವತ್ತಿನಿಂದಲೇ ನಿಮ್ಮದನ್ನೂ ಕೊಡುತ್ತಾರೆ. ವಾರಕ್ಕೆ 83 ಪೌಂಡ್ 30 ಪೆನ್ಸ್. ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಸರ್ಕಾರಿ ಪೆನ್ಶನ್‌ಗೆ ಲೆಕ್ಕವಾಗುವ ವಂತಿಗೆಯ ಕ್ರೆಡಿಟ್ ತಾನಾಗಿ ಸೇರುತ್ತದೆ, ಈ ತಿಂಗಳುಗಳಿಂದ ನಿಮ್ಮ ಮುಂದಿನ ಪೆನ್ಶನ್‌ನಲ್ಲಿ ಖಾಲಿ ಬೀಳುವುದಿಲ್ಲ.

ಆದರೆ ಅಲ್ಲಿ ಇನ್ನೊಂದು ಗುಂಡಿ ಇದೆ. ನಿಮ್ಮ 214 ಪೌಂಡ್. ವಾರದ ಗಳಿಕೆ 196 ಪೌಂಡ್ ಮೀರಬಾರದು. ಒಂದು ಪೌಂಡ್ ಮೀರಿದರೂ ಸ್ವಲ್ಪ ಕಡಿತ ಅಲ್ಲ, ಪೂರ್ತಿ ಹಣವೇ ಇಲ್ಲ. ನಿಮ್ಮ ಪೇಸ್ಲಿಪ್ ನೋಡಿದವರು ಯಾರಾದರೂ ಆಗಲ್ಲ ಬಿಡಿ ಅಂತ ಹೇಳಿಬಿಡಬಹುದು, ಕೇಳಬೇಡಿ. ಆ 196 ಲೆಕ್ಕ ಹಾಕುವುದು ಕೆಲವು ಖರ್ಚು ಕಳೆದ ಮೇಲೆ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಇದ್ದರೆ ಕಳೆಯುತ್ತಾರೆ. ಪೆನ್ಶನ್‌ಗೆ ಕಟ್ಟಿದ್ದರಲ್ಲಿ ಅರ್ಧ ಕಳೆಯುತ್ತಾರೆ, ನಿಮ್ಮ 8ರಲ್ಲಿ 4. ಉಳಿಯಿತು 210. ಆಮೇಲೆ, ನೀವು ಕೆಲಸಕ್ಕೆ ಹೋದಾಗ ಅಪ್ಪನನ್ನು ನೋಡಿಕೊಳ್ಳಲು ಬೇರೆಯವರಿಗೆ ಕೊಟ್ಟ ಹಣವನ್ನೂ ಕಳೆಯಬಹುದು, ಉಳಿದ ಗಳಿಕೆಯ ಅರ್ಧದವರೆಗೆ. ಪಕ್ಕದ ಮನೆಯವರಿಗೆ ಕೊಡುವ 40 ಹೋದರೆ 170. ಮಿತಿಯ ಒಳಗೇ ಇದ್ದೀರಿ. ಆ 40 ಪೌಂಡ್ ಕೊಟ್ಟಿದ್ದಕ್ಕೆ ಬ್ಯಾಂಕಿನಿಂದಲೇ ಕಳಿಸಿ, ಅಥವಾ ಅವರಿಂದ ಒಂದು ಚೀಟಿಯಲ್ಲಿ ಸಹಿ ಹಾಕಿಸಿಕೊಳ್ಳಿ. ಅಣ್ಣನೋ ಅತ್ತಿಗೆಯೋ ಬಂದು ಕೂತರೆ ಅವರಿಗೆ ಕೊಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ, ಹತ್ತಿರದ ಸಂಬಂಧಿಕರಿಗೆ ಕೊಟ್ಟಿದ್ದನ್ನು ಕಳೆಯಲು ಬಿಡುವುದಿಲ್ಲ. ಬೋನಸ್ ಬಂದರೆ, ಒಂದು ದಿನ ಹೆಚ್ಚಿಗೆ ಕೆಲಸ ಮಾಡಿದರೆ, ಅವತ್ತೇ ತಿಳಿಸಿ. ತಿಳಿಸದೆ ತಿಂಗಳುಗಟ್ಟಲೆ ಹಣ ತೆಗೆದುಕೊಂಡು ಆಮೇಲೆ ಸಾವಿರಾರು ಪೌಂಡ್ ವಾಪಸ್ ಕಟ್ಟಿ ಅನ್ನಿಸಿಕೊಂಡ ಕೇರರ್‌ಗಳು ಈ ದೇಶದಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೋಸಗಾರರಲ್ಲ, ನಿದ್ದೆಗೆಟ್ಟವರು.

ಕೇರರ್ಸ್ ಅಲೋವೆನ್ಸ್ ಸಿಗಲು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುತ್ತಿರಬೇಕು. ಈ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಾರಕ್ಕೆ 35 ಗಂಟೆ ಆರೈಕೆ ಅಂದರೆ ಡ್ರೆಸಿಂಗ್ ಬದಲಾಯಿಸುವುದು, ಮಾತ್ರೆ ಕೊಡುವುದು ಮಾತ್ರ ಅಲ್ಲ. ಅವರಿಗಾಗಿ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ರಾತ್ರಿ ಎದ್ದು ನೋಡುವುದು, ಬೀಳದ ಹಾಗೆ ಕಣ್ಣಿಟ್ಟು ಕೂರುವುದು, ಎಲ್ಲವೂ ಸೇರುತ್ತದೆ. ಒಂದು ವಾರ ಬರೆದಿಡಿ. 35 ಎಂದೋ ದಾಟಿರುತ್ತದೆ.

ಇನ್ನು ನಿಮ್ಮ ಅಣ್ಣ. ಅವರಿಗೆ ಈ ಪುಟ ತೋರಿಸಿ. 83 ಪೌಂಡ್ 30 ಪೆನ್ಸ್ ಅನ್ನು 35 ಗಂಟೆಗೆ ಹಂಚಿದರೆ ಗಂಟೆಗೆ 2 ಪೌಂಡ್ 38 ಪೆನ್ಸ್ ಬರುತ್ತದೆ. ಇಲ್ಲಿ ಕನಿಷ್ಠ ಕೂಲಿ ಗಂಟೆಗೆ 12 ಪೌಂಡ್ 21 ಪೆನ್ಸ್. ಅಪ್ಪನ ಪ್ರೀತಿಗೆ ಯಾರೂ ಬೆಲೆ ಕಟ್ಟುತ್ತಿಲ್ಲ ಸ್ವಾಮಿ. ನಿಮ್ಮ ತಂಗಿ ಮೂರು ದಿನದ ಸಂಬಳ ಬಿಟ್ಟು ಕೂತಿದ್ದಾರೆ, ಆ ಮನೆಗೂ ಕರೆಂಟ್ ಬಿಲ್ ಬರುತ್ತದೆ. ಈ ಹಣ 1976ರಲ್ಲಿ ಇನ್‌ವ್ಯಾಲಿಡ್ ಕೇರ್ ಅಲೋವೆನ್ಸ್ ಅನ್ನುವ ಹೆಸರಿನಲ್ಲಿ ಶುರುವಾದಾಗ ಮದುವೆಯಾಗಿ ಗಂಡನ ಜೊತೆ ಇರುವ ಹೆಂಗಸರಿಗೆ ಕೊಡುತ್ತಿರಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುತ್ತಾರೆ ಅನ್ನುವುದು ಸರ್ಕಾರದ ಲೆಕ್ಕ. ಜಾಕಿ ಡ್ರೇಕ್ ಎನ್ನುವವರು ತಾಯಿಯನ್ನು ನೋಡಿಕೊಳ್ಳಲು 1984ರಲ್ಲಿ ಕೆಲಸ ಬಿಟ್ಟರು. ಅರ್ಜಿ ಹಾಕಿದಾಗ ಇದೇ ಕಾರಣಕ್ಕೆ ಇಲ್ಲ ಅಂದರು. ಅವರು ಬಿಡಲಿಲ್ಲ. ಕೇಸು ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯದವರೆಗೆ ಹೋಯಿತು, 1986ರ ಜೂನ್‌ನಲ್ಲಿ ಅವರ ಪರವಾಗಿ ತೀರ್ಪು ಬಂತು. ಹೆತ್ತವಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮಗಳು ಹೋರಾಡಿ ಗೆದ್ದಿದ್ದರಿಂದ ಇವತ್ತು ಮದುವೆಯಾದ ಹೆಂಗಸರೂ ಈ ಅರ್ಜಿ ಹಾಕಬಹುದಾಗಿದೆ. ನೀವು ಮಾಡಬೇಕಾದ್ದು ಒಂದೇ, ವಾರಕ್ಕೆ ಎರಡು ರಾತ್ರಿ ಬಂದು ಅಪ್ಪನ ಕೋಣೆಯಲ್ಲಿ ಮಲಗಿ.

ಲೀಸ್ಟರ್‌ನವರಿಗೆ ಇನ್ನೆರಡು ಮಾತು. ಅಪ್ಪನ ಸ್ಥಿತಿ ಬೇಗ ಬೇಗ ಇಳಿಯುತ್ತಿದ್ದರೆ ಜಿಪಿಗೋ ನರ್ಸ್‌ಗೋ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್‌ನ ಫಾಸ್ಟ್ ಟ್ರ್ಯಾಕ್ ಮಾಡಿಕೊಡಿ ಅಂತ ಕೇಳಿ. ಅದು ಒಪ್ಪಿಗೆ ಆದರೆ ಮನೆಗೆ ಬರುವ ಆರೈಕೆಯವರ ಖರ್ಚನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೊಡುತ್ತದೆ, ಅಪ್ಪನ ಆಸ್ತಿ ನೋಡುವುದಿಲ್ಲ. ಕೇಳದೆ ಯಾರೂ ತಾವಾಗಿ ಹೇಳದಿರಬಹುದು. ಮತ್ತೆ ಅಪ್ಪ ಆಸ್ಪತ್ರೆಗೆ ಸೇರಿದರೆ ಆ ದಿನವೇ ತಿಳಿಸಿ. ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ 28 ದಿನ ದಾಟಿದರೆ ಅಟೆಂಡೆನ್ಸ್ ಅಲೋವೆನ್ಸ್ ನಿಲ್ಲುತ್ತದೆ, ಅದರ ಹಿಂದೆಯೇ ನಿಮ್ಮದೂ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಮತ್ತೆ ಶುರು ಮಾಡಿಸಬಹುದು. ಫಾರ್ಮ್ ತುಂಬಲು ಸಿಟಿಜನ್ಸ್ ಅಡ್ವೈಸ್, ಮ್ಯಾಕ್‌ಮಿಲನ್, ಏಜ್ ಯುಕೆ, ಕೇರರ್ಸ್ ಯುಕೆ ಯಾರನ್ನಾದರೂ ಕೇಳಿ, ದುಡ್ಡು ತೆಗೆದುಕೊಳ್ಳುವುದಿಲ್ಲ. (ಸ್ಕಾಟ್ಲೆಂಡ್‌ನಲ್ಲಿರುವ ಓದುಗರಿಗೆ: ನಿಮ್ಮಲ್ಲಿ ಹೆಸರುಗಳೇ ಬೇರೆ, ಕೇರರ್ ಸಪೋರ್ಟ್ ಪೇಮೆಂಟ್ ಮತ್ತು ಪೆನ್ಶನ್ ಏಜ್ ಡಿಸೆಬಿಲಿಟಿ ಪೇಮೆಂಟ್. ಅಲ್ಲಿ ಡಾಕ್ಟರು ಕೊಡುವ ಕಾಗದಕ್ಕೆ 12 ತಿಂಗಳ ಮಿತಿಯೂ ಇಲ್ಲ.)

ಪ್ರಶ್ನೆ: ಮೇಡಂ, ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು 14 ತಿಂಗಳಾಯಿತು. ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾಗ ಕಾಯಿಲೆ ಪತ್ತೆಯಾಯಿತು, ಕೊನೆಯ ಹಂತ ಅಂದರು. ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇಲ್ಲ. ಕೇರರ್ಸ್ ಅಲೋವೆನ್ಸ್ ಕೇಳಿದೆ, ತಿರಸ್ಕಾರ ಆಯಿತು. ತೆರಿಗೆ ಕಟ್ಟುತ್ತೇನೆ, ನ್ಯಾಷನಲ್ ಇನ್ಶೂರೆನ್ಸ್ ಕಟ್ಟುತ್ತೇನೆ. ಮತ್ತೆ ಅರ್ಜಿ ಹಾಕಬಹುದಾ?
ಒಬ್ಬ ಮಗ, ರೆಡಿಂಗ್

ಉತ್ತರ: ಹಾಕಬೇಡಿ. ನಿಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರದ ಸಹಾಯಧನ ಪಡೆಯುವಂತಿಲ್ಲ ಅನ್ನುವ ಷರತ್ತು ಇದೆ, ಅಮ್ಮನ ವೀಸಾದಲ್ಲೂ ಇದೆ. ಕೇರರ್ಸ್ ಅಲೋವೆನ್ಸ್, ಅಟೆಂಡೆನ್ಸ್ ಅಲೋವೆನ್ಸ್ ಎರಡೂ ಆ ಪಟ್ಟಿಯಲ್ಲಿವೆ. ಕೇಳಿದ್ದರಿಂದ ವೀಸಾಕ್ಕೇ ತೊಂದರೆ ಆಗಬಹುದು. ತೆರಿಗೆ ಕಟ್ಟುವವರಿಗೆ ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ, ಆದರೆ ಈ ಗೋಡೆಗೆ ತಲೆ ಚಚ್ಚಿಕೊಳ್ಳುವ ಸಮಯ ನಿಮಗಿಲ್ಲ. ಆಗುವುದನ್ನು ನೋಡೋಣ.

ಅಮ್ಮನ ವೀಸಾ ಮುಗಿಯುವ ಮೊದಲೇ ಒಬ್ಬ ಇಮಿಗ್ರೇಶನ್ ಸಾಲಿಸಿಟರ್ ಹತ್ತಿರ ಹೋಗಿ. ಪ್ರಯಾಣ ಮಾಡಲಾಗದು ಅನ್ನುವ ಡಾಕ್ಟರ ಪತ್ರ ಕೈಯಲ್ಲಿರಲಿ. ಜಿಪಿ ಹತ್ತಿರ ತೋರಿಸಲು ಯಾರೂ ಹಣ ಕೊಡಬೇಕಾಗಿಲ್ಲ. ಆಸ್ಪತ್ರೆಗೆ ಸೇರಿಸಿದರೆ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್ ವೆಚ್ಚದ ಒಂದೂವರೆ ಪಟ್ಟು ಬಿಲ್ ಬರುತ್ತದೆ, ಆದರೆ ತುರ್ತಾಗಿ ಬೇಕಾದ ಚಿಕಿತ್ಸೆಯನ್ನು ದುಡ್ಡು ಕಟ್ಟಿಲ್ಲ ಅಂತ ನಿಲ್ಲಿಸುವಂತಿಲ್ಲ. ನಿಮಗೆ ಮುಖ್ಯವಾದದ್ದು ಇದು: ನೋಂದಾಯಿತ ಚಾರಿಟಿಯ ಹಾಸ್ಪೈಸ್‌ಗಳು (ಕೊನೆಯ ಹಂತದವರನ್ನು ನೋಡಿಕೊಳ್ಳುವ ಸಂಸ್ಥೆಗಳು) ಕೊಡುವ ಪ್ಯಾಲಿಯೇಟಿವ್ ಆರೈಕೆಗೆ, ಅಂದರೆ ನೋವು ಇಳಿಸಿ ಆರಾಮವಾಗಿಡುವ ಆರೈಕೆಗೆ, ಆ ಬಿಲ್ ಇಲ್ಲ, ವಿಸಿಟರ್‌ಗಳಿಗೂ ಇಲ್ಲ. ಹಾಸ್ಪೈಸ್ ಅಂದರೆ ಕರೆದೊಯ್ದು ಬಿಟ್ಟುಬರುವ ಜಾಗ ಅಂತ ನಮ್ಮಲ್ಲಿ ತಪ್ಪು ತಿಳಿದಿದ್ದಾರೆ. ಮನೆಗೇ ನರ್ಸ್ ಕಳಿಸುವ ಹಾಸ್ಪೈಸ್‌ಗಳೂ ಇವೆ. ಜಿಪಿಗೆ ಹೇಳಿ, ಅವರೇ ಪತ್ರ ಬರೆಯುತ್ತಾರೆ.

ಕೆಲಸದಲ್ಲಿ ನಿಮಗಿರುವ ಹಕ್ಕಿಗೆ ವೀಸಾ ಅಡ್ಡ ಬರುವುದಿಲ್ಲ. 2024ರ ಏಪ್ರಿಲ್ 6ರಿಂದ ಕೇರರ್‌ಗಳಿಗೆ ವರ್ಷಕ್ಕೆ ಒಂದು ವಾರ ರಜೆ ಕಾನೂನಿನಲ್ಲೇ ಇದೆ, ಸೇರಿದ ಮೊದಲ ದಿನದಿಂದಲೇ. ಸಂಬಳ ಇಲ್ಲದ ರಜೆ, ಆದರೆ ಪೂರ್ತಿ ಬೇಡ ಅನ್ನುವಂತಿಲ್ಲ. ಕೆಲಸದ ಹೊತ್ತು ಬದಲಾಯಿಸಿ, ಮನೆಯಿಂದ ಮಾಡಲು ಬಿಡಿ ಅಂತಲೂ ಮೊದಲ ದಿನದಿಂದ ಕೇಳಬಹುದು. ಆದರೆ ಎಚ್ಚರ. ಗಂಟೆ ಕಡಿಮೆ ಮಾಡಿ ಸಂಬಳ ನಿಮ್ಮ ವೀಸಾದ ಮಿತಿಗಿಂತ ಕೆಳಗೆ ಹೋದರೆ, ಅಥವಾ ವರ್ಷದಲ್ಲಿ ಒಟ್ಟು 4 ವಾರಕ್ಕಿಂತ ಜಾಸ್ತಿ ಸಂಬಳವಿಲ್ಲದ ರಜೆ ಆದರೆ, ಸ್ಪಾನ್ಸರ್‌ಶಿಪ್‌ಗೆ ತೊಂದರೆ. ಏನೇ ಮಾಡುವ ಮುಂಚೆ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ. ಹೊತ್ತು ಬದಲಾಯಿಸಿಕೊಳ್ಳಿ, ಸಂಬಳ ಕಡಿಮೆ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೇ 68 ವರ್ಷ, ಗಂಡ ತೀರಿಕೊಂಡಿದ್ದಾರೆ. ಅಮ್ಮನಿಗೆ 92. ಹೃದಯ ಸೋತಿದೆ, ಇನ್ನು ಆರಾಮವಾಗಿ ಇಡುವುದಷ್ಟೇ ಅಂದಿದ್ದಾರೆ. ಅಮ್ಮನಿಗೆ ಅಟೆಂಡೆನ್ಸ್ ಅಲೋವೆನ್ಸ್ ಬರುತ್ತಿದೆ. ನನಗೆ ಮಾತ್ರ ಕೇರರ್ಸ್ ಅಲೋವೆನ್ಸ್ ಕೊಡಲಾಗದು ಅಂದರು, ವಾರಕ್ಕೆ 230 ಪೌಂಡ್ 25 ಪೆನ್ಸ್ ಸ್ಟೇಟ್ ಪೆನ್ಶನ್ ಬರುತ್ತದೆ ಅಂತ. ಹೋದ ವರ್ಷ ಪೆನ್ಶನ್ ಕ್ರೆಡಿಟ್ ಕೇಳಿದ್ದೆ, ಅದೂ ಇಲ್ಲ ಅಂದಿದ್ದರು. ಉಳಿತಾಯ ಅಂತ ಐದಾರು ಸಾವಿರ ಇರಬಹುದು, ಅಷ್ಟೇ. ಎರಡು ಸಲ ಆಯಿತು, ಇನ್ನು ಕೇಳಲು ಮನಸ್ಸಿಲ್ಲ.
ಮಗಳು, ಹ್ಯಾರೋ

ಉತ್ತರ: ಆ ತಿರಸ್ಕಾರದ ಪತ್ರ ಹರಿದು ಹಾಕಿಲ್ಲ ತಾನೇ? ಅದೇ ನಿಮ್ಮ ಕೀಲಿಕೈ. ಇನ್ನೊಮ್ಮೆ ಓದಿ. ನಿಮಗೆ ಅರ್ಹತೆ ಇದೆ, ಆದರೆ ಹಣ ಕೊಡಲಾಗದು ಎನ್ನುವ ಅರ್ಥದ ಸಾಲು ಇರುತ್ತದೆ. ಸ್ಟೇಟ್ ಪೆನ್ಶನ್ ಮತ್ತು ಕೇರರ್ಸ್ ಅಲೋವೆನ್ಸ್ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ, ಪೆನ್ಶನ್ ಜಾಸ್ತಿ ಇದ್ದರೆ ಅದೊಂದೇ. ಆದರೆ ಆ ಅರ್ಹತೆ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ, ಅದಕ್ಕೆ ಅಂಡರ್‌ಲೈಯಿಂಗ್ ಎಂಟೈಟಲ್‌ಮೆಂಟ್ ಅನ್ನುತ್ತಾರೆ. ಅದು ಇದ್ದರೆ ಪೆನ್ಶನ್ ಕ್ರೆಡಿಟ್‌ನಲ್ಲಿ ನಿಮ್ಮ ಲೆಕ್ಕವೇ ಬದಲಾಗುತ್ತದೆ.

ಆದಾಯ ಕಡಿಮೆ ಇರುವ ಹಿರಿಯರಿಗೆ ಒಂದು ಮಟ್ಟದವರೆಗೆ ತುಂಬಿಸಿಕೊಡುವ ಹಣ ಪೆನ್ಶನ್ ಕ್ರೆಡಿಟ್. ಒಬ್ಬರೇ ಇರುವವರಿಗೆ ಆ ಮಟ್ಟ ವಾರಕ್ಕೆ 227 ಪೌಂಡ್ 10 ಪೆನ್ಸ್. ನಿಮ್ಮದು ಅದಕ್ಕಿಂತ 3 ಪೌಂಡ್ 15 ಪೆನ್ಸ್ ಜಾಸ್ತಿ. ಈಗ ಕೇರರ್ ಅಂತ 46 ಪೌಂಡ್ 40 ಪೆನ್ಸ್ ಆ ಮಟ್ಟಕ್ಕೆ ಸೇರುತ್ತದೆ, 273 ಪೌಂಡ್ 50 ಪೆನ್ಸ್ ಆಯಿತು. ನಿಮ್ಮ ಪೆನ್ಶನ್ ಕಳೆದರೆ 43 ಪೌಂಡ್ 25 ಪೆನ್ಸ್. ಅಷ್ಟು ಪ್ರತಿ ವಾರ ನಿಮಗೆ ಸಿಗಬೇಕು. 10,000 ಪೌಂಡ್ ಒಳಗಿನ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ತಿಂಗಳು ಹಿಂದಿನಿಂದಲೂ ಕೇಳಬಹುದು, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಳಿಸಿ ಅಂತ ಕೇಳಲೂ ದಾರಿಯಾಗುತ್ತದೆ. ಮೂರನೇ ಸಲ ಕೇಳಿ ಅಮ್ಮಾ. ಕೇಳುವಾಗ ಕೇರರ್ಸ್ ಅಲೋವೆನ್ಸ್‌ನ ಆ ಪತ್ರವನ್ನು ಮುಂದಿಟ್ಟುಕೊಂಡೇ ಕೇಳಿ.

ಪ್ರಶ್ನೆ: ಅಪ್ಪ ಹೋಗಿ ಹತ್ತು ದಿನವಾಯಿತು. ನನಗೆ ಕೇರರ್ಸ್ ಅಲೋವೆನ್ಸ್ ಬರುತ್ತಿತ್ತು. ಮೊನ್ನೆಯೂ ಬಂತು. ಮುಟ್ಟಲು ಭಯ ಆಗುತ್ತಿದೆ. ವಾಪಸ್ ಕಳಿಸಬೇಕಾ? ಕೆಲಸಕ್ಕೆ ಯಾವಾಗ ಹೋಗಬೇಕು ಅಂತಲೂ ತೋಚುತ್ತಿಲ್ಲ.
ಹೆಸರು ಬೇಡ, ಸ್ಲೌ

ಉತ್ತರ: ಕಳಿಸಬೇಡಿ. ನೋಡಿಕೊಳ್ಳುತ್ತಿದ್ದವರು ತೀರಿಕೊಂಡ ಮೇಲೂ ಕೇರರ್ಸ್ ಅಲೋವೆನ್ಸ್ ಸಾಮಾನ್ಯವಾಗಿ 8 ವಾರ ಬರುತ್ತದೆ. ಅದು ತಪ್ಪಿ ಬಂದಿದ್ದಲ್ಲ, ನಿಮಗೇ ಅಂತ ಇಟ್ಟಿದ್ದು. ಆದರೆ ಅಪ್ಪ ಹೋದ ವಿಷಯವನ್ನು ಇನ್ನೂ ತಿಳಿಸಿಲ್ಲ ಅಂದರೆ ಈ ವಾರ ತಿಳಿಸಿ. ಸಾವು ನೋಂದಾಯಿಸುವ ಕಚೇರಿಯಲ್ಲಿ ಟೆಲ್ ಅಸ್ ವನ್ಸ್ ಅಂತ ಒಂದು ನಂಬರ್ ಕೊಟ್ಟಿರುತ್ತಾರೆ, ಅದರಲ್ಲಿ ಒಮ್ಮೆ ಹೇಳಿದರೆ ಹೆಚ್ಚಿನ ಸರ್ಕಾರಿ ಇಲಾಖೆಗಳಿಗೆ ತಲುಪುತ್ತದೆ. ಕೇರರ್ಸ್ ಅಲೋವೆನ್ಸ್‌ನವರಿಗೆ ಮಾತ್ರ ನೀವೇ ಬೇರೆಯಾಗಿ ಹೇಳಿಬಿಡಿ. ಅಪ್ಪನ ಅಟೆಂಡೆನ್ಸ್ ಅಲೋವೆನ್ಸ್ ಅವರ ಖಾತೆಗೆ ಇನ್ನೂ ಬರುತ್ತಿದ್ದರೆ ಅದನ್ನು ಖರ್ಚು ಮಾಡಬೇಡಿ, ಅವರು ಹೋದ ದಿನದಿಂದಾಚೆಗಿನದು ವಾಪಸ್ ಹೋಗಬೇಕು.

ನಿಮ್ಮ ಹಣಕ್ಕೆ ಇನ್ನೂ ಆರೂವರೆ ವಾರ ಇದೆ. ಕೆಲಸದ ಯೋಚನೆ ಈ ವಾರ ಬೇಡ. ಊಟ ಮಾಡಿ, ನಿದ್ದೆ ಮಾಡಿ. ಎಂಟನೇ ವಾರ ಯಾವಾಗ ಮುಗಿಯುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅದಕ್ಕೆ ಎರಡು ವಾರ ಮುಂಚೆ ನನಗೆ ಇನ್ನೊಂದು ಪತ್ರ ಬರೆಯಿರಿ. ಮುಂದೆ ಏನು ಕೇಳಬಹುದು ಅಂತ ಕೂತು ನೋಡೋಣ.